ಅಕ್ಕಾರನ್ನ ಕೇಳಿ: ಬಂದ ತೂಫಾನ್ ಹೊರಳಿ ಹೋಗಿದ್ದು ಯಾಕೆ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಚಂಡಮಾರುತದ ಮೇಲೆಯೇ ಬಂದಿವೆ. ಮೇ ಹತ್ತಿರ ಬಂತಲ್ಲ, ಸಹಜ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಎರಡು ಪುಟವನ್ನು ಪೂರ್ತಿ ತೂಫಾನಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ಅಕ್ಕಾರ, ನಾನು ಬಾಗಲಕೋಟೆ ಕಡೆಯವನು. ಹದಿನೆಂಟು ವರ್ಷದಿಂದ ವಾಸ್ಕೋದಲ್ಲಿ ಟ್ರಾಲರ್ ಎಂಜಿನ್ ರಿಪೇರಿ ಮಾಡುತ್ತೇನೆ. 2019ರ ದೀಪಾವಳಿಗೆ ಕ್ಯಾರ್ ತೂಫಾನ್ ದಂಡೆಯ ಕಡೆಗೇ ಬರುತ್ತಿತ್ತು. ಒಮ್ಮೆಲೇ ಹೊರಳಿ ಓಮಾನ್ ಕಡೆ ಹೋಯಿತು. 2021ರಲ್ಲಿ ತೌಕ್ತೆ ನಮ್ಮ ಪಕ್ಕದಿಂದ ಹಾದು ಗುಜರಾತಿಗೆ ಹೋಯಿತು. ಸಮುದ್ರ ಒಂದೇ, ದಾರಿ ಮಾತ್ರ ಬೇರೆ. ಅದನ್ನು ತಿರುಗಿಸುವವರು ಯಾರು?
(ಓದುಗರು, ವಾಸ್ಕೋ)

ತಮ್ಮಾ, ಕ್ಯಾರ್ ಹೆಸರು ಓದಿದ ಕೂಡಲೇ ನನಗೆ ಸ್ವಲ್ಪ ನಾಚಿಕೆಯಾಯಿತು. ಅದರ ಕತೆ ಆಮೇಲೆ ಹೇಳುತ್ತೇನೆ. ಮೊದಲು ಉತ್ತರ: ತೂಫಾನನ್ನು ತಿರುಗಿಸುವುದು ಅದರ ಪಕ್ಕದಲ್ಲಿರುವ ಗುಡ್ಡ. ಕಡಲಿನಲ್ಲಿ ಎಲ್ಲಿಯ ಗುಡ್ಡ ಎನ್ನಬೇಡಿ. ಇದು ಗಾಳಿಯ ಗುಡ್ಡ. ನಮ್ಮ ಕಚೇರಿಯ ಮಾತಿನಲ್ಲಿ ರಿಜ್.

ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು. ಶಿವಾಜಿನಗರದ ಹವಾಮಾನ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ತುಂಬುವ ಕೆಲಸ ಮಾಡಿದೆ. 1928ರಲ್ಲಿ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತ್ತು. ಹಾಗಾಗಿ ಆ ಕಟ್ಟಡಕ್ಕೆ ಊರವರು ಇವತ್ತಿಗೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ರಿಕ್ಷಾದವನಿಗೆ ಹವಾಮಾನ ಇಲಾಖೆ ಎಂದರೆ ಮುಖ ನೋಡುತ್ತಾನೆ, ಸಿಮ್ಲಾ ಆಫೀಸ್ ಎಂದರೆ ಗೇಟಿಗೆ ತಂದು ಬಿಡುತ್ತಾನೆ.

ನಮ್ಮ ಕೆಲಸ ಹೀಗಿತ್ತು. ಬೆಳಗಿನ 5.30ರ ಲೆಕ್ಕಕ್ಕೊಂದು, ಸಂಜೆ 5.30ರ ಲೆಕ್ಕಕ್ಕೊಂದು ಬಲೂನ್ ಹಾರಿಸುತ್ತಾರೆ. ಮುಂಬೈಯಲ್ಲಿ, ಪಣಜಿಯಲ್ಲಿ, ಮಂಗಳೂರಿನಲ್ಲಿ, ಲಕ್ಷದ್ವೀಪದ ಅಮಿನಿ ಮತ್ತು ಮಿನಿಕಾಯ್‌ನಲ್ಲಿ. ಬಲೂನಿಗೆ ಕಟ್ಟಿದ ಪುಟ್ಟ ಪೆಟ್ಟಿಗೆ ಏರುತ್ತ ಏರುತ್ತ ಒತ್ತಡ, ಶಾಖ, ತೇವ ಹೇಳುತ್ತದೆ. ಆ ಅಂಕಿಗಳೆಲ್ಲ ಐದೈದರ ಗುಂಪಾಗಿ ಟೆಲಿಪ್ರಿಂಟರಿನಲ್ಲಿ ಬಂದು ಬೀಳುತ್ತಿದ್ದವು. ನಾವು ಅವನ್ನು ಬಿಡಿಸಿ ನಕ್ಷೆಯ ಮೇಲೆ ಸಣ್ಣ ಅಕ್ಷರದಲ್ಲಿ ತುಂಬುತ್ತಿದ್ದೆವು.

ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1,000 ಮಿಲಿಬಾರ್. ಮೇಲೆ ಹೋದಂತೆ ಕಡಿಮೆಯಾಗುತ್ತದೆ. 500ಕ್ಕೆ ಇಳಿಯಬೇಕಾದರೆ ಐದೂವರೆ, ಆರು ಕಿಲೋಮೀಟರ್ ಏರಬೇಕು. ಆದರೆ ಎಲ್ಲ ಊರಿನ ಮೇಲೂ ಅದು ಒಂದೇ ಎತ್ತರದಲ್ಲಿ ಸಿಗುವುದಿಲ್ಲ. ಒಂದು ಕಡೆ 5,820 ಮೀಟರಿಗೇ ಸಿಕ್ಕರೆ ಇನ್ನೊಂದು ಕಡೆ 5,880ಕ್ಕೆ ಸಿಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಕಾಗದದ ಮೇಲೆ ಗುಡ್ಡ, ಕಣಿವೆ ಮೂಡುತ್ತವೆ. ಥೇಟ್ ಸಹ್ಯಾದ್ರಿಯ ಸರ್ವೆ ನಕ್ಷೆ. ಒತ್ತಡ ಜಾಸ್ತಿ ಇದ್ದು ಉದ್ದಕ್ಕೆ ಚಾಚಿಕೊಂಡ ಗುಡ್ಡವೇ ರಿಜ್. ಕಣಿವೆಗೆ ಟ್ರಫ್ ಎನ್ನುತ್ತಿದ್ದೆವು.

ಈ ಗುಡ್ಡ ಅಲ್ಲಿ ಏಳುವುದೇಕೆ? ಭೂಮಧ್ಯರೇಖೆಯ ಹತ್ತಿರ ಮೇಲೆ ಎದ್ದ ಗಾಳಿ ಉತ್ತರಕ್ಕೆ ಸಾಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗೆ ಇಳಿಯುತ್ತದೆ. ಇಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಸಹಾರಾ, ಅರೇಬಿಯ, ನಮ್ಮ ಥಾರ್ ಮರುಭೂಮಿ ಎಲ್ಲ ಇದೇ ಪಟ್ಟಿಯಲ್ಲಿರುವುದು ಅದಕ್ಕೇ. ಗುಡ್ಡ ವರ್ಷವಿಡೀ ಒಂದೇ ಕಡೆ ಕೂರುವುದಿಲ್ಲ. ಬೆಳೆಯುತ್ತದೆ, ಕುಗ್ಗುತ್ತದೆ, ನಡುವೆ ಮುರಿದು ಎರಡಾಗುತ್ತದೆ.

ಇನ್ನು ಮುಖ್ಯ ಮಾತು. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧದಲ್ಲಿ ಗಾಳಿ ಈ ಗುಡ್ಡವನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತದೆ. ಗುಡ್ಡದ ದಕ್ಷಿಣ ಬದಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ. ಪಶ್ಚಿಮದ ಅಂಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ. ಉತ್ತರದ ಬದಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ. ತೂಫಾನ್ ಆ ಗಾಳಿಯಲ್ಲಿ ತೇಲುತ್ತದೆ. ಮಳೆಗಾಲದ ಘಟಪ್ರಭೆಯಲ್ಲಿ ಸುಳಿ ನೋಡಿದ್ದೀರಲ್ಲ? ಸುಳಿ ತನ್ನೊಳಗೆ ತಿರುಗುವುದು ಭಾರಿ ಜೋರು. ಆದರೆ ಅದು ಸಾಗುವುದು ಹೊಳೆ ಒಯ್ದ ಕಡೆಗೆ, ಹೊಳೆಯ ವೇಗದಲ್ಲಿ. ಕ್ಯಾರ್ ಒಳಗಿನ ಗಾಳಿ ಗಂಟೆಗೆ 200 ಕಿ.ಮೀ. ದಾಟಿತ್ತು. ತೂಫಾನ್ ತಾನು ನಡೆಯುವುದೋ ಎಷ್ಟೋ ಸಲ ಸೈಕಲ್ಲಿನ ವೇಗದಲ್ಲಿ. ತನ್ನದೇ ಆದ ಸಣ್ಣ ಎಳೆತವೂ ಅದಕ್ಕೆ ಇದೆ, ಬಿಟ್ಟರೆ ನಿಧಾನಕ್ಕೆ ವಾಯವ್ಯಕ್ಕೆ ಸರಿಯುತ್ತದೆ. ಅದು ಚಿಲ್ಲರೆ ಲೆಕ್ಕ.

ಈಗ ನಿಮ್ಮ ಎರಡು ತೂಫಾನುಗಳನ್ನು ಈ ಗುಡ್ಡದ ಪಕ್ಕ ಇಟ್ಟು ನೋಡಿ. ಕ್ಯಾರ್ ಹುಟ್ಟಿದಾಗ ಅದನ್ನು ಒಯ್ಯುವ ಗಾಳಿ ಸಪ್ಪೆಯಾಗಿತ್ತು. ಹಾಗಾಗಿ ರತ್ನಾಗಿರಿಯ ಕಡೆ ಮೆಲ್ಲಗೆ ತೆವಳುತ್ತಿತ್ತು. ಅಷ್ಟರಲ್ಲಿ ಅದರ ಉತ್ತರಕ್ಕೆ ರಿಜ್ ಬಲವಾಯಿತು. ತೂಫಾನ್ ಗುಡ್ಡದ ದಕ್ಷಿಣ ಬದಿಗೆ ಸಿಕ್ಕಿತು. ಅಲ್ಲಿ ಗಾಳಿ ಓಡುವುದೇ ಪಶ್ಚಿಮಕ್ಕೆ. 2007ರ ಜೂನಿನಲ್ಲಿ ಗೋನು ಓಮಾನಿಗೆ ಹೋಗಿ ಬಡಿದಿದ್ದೂ ಇಂಥದೇ ದಾರಿಯಲ್ಲಿ. ತೌಕ್ತೆಗೆ ಗುಡ್ಡ ಇದ್ದದ್ದು ಬಲಗಡೆ, ನಮ್ಮ ನೆಲದ ಮೇಲೆ. ಅದರ ಪಶ್ಚಿಮದ ಅಂಚು ಹಿಡಿದು ಕೇರಳ, ಕರ್ನಾಟಕ, ಗೋವಾ, ಮುಂಬೈ ಎಲ್ಲವನ್ನೂ ಬಲಕ್ಕೆ ಬಿಟ್ಟುಕೊಂಡು ಮೇಲೆ ಹೋಯಿತು. 2021ರ ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಅಂದ ಹಾಗೆ ತೌಕ್ತೆ ಎಂದರೆ ಮ್ಯಾನ್ಮಾರ್ ಮಾತಿನಲ್ಲಿ ದನಿ ಮಾಡುವ ಒಂದು ಹಲ್ಲಿ. ಅವರು ಅದನ್ನು ತೌತೇ ಎನ್ನುತ್ತಾರಂತೆ. ನಮ್ಮ ಪೇಪರಿನವರು ಇಂಗ್ಲಿಷ್ ಸ್ಪೆಲಿಂಗ್ ಓದಿ ಅದಕ್ಕೊಂದು ಒತ್ತಕ್ಷರ ಹಚ್ಚಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗುವ ಸಾಧ್ಯತೆ ಇದೆ. ಗುಡ್ಡ ಎಂದ ಕೂಡಲೇ ಅದು ಗೋಡೆಯ ಹಾಗೆ ತಡೆಯುತ್ತದೆ ಅಂತ ಅನಿಸುತ್ತದೆ. ಹಾಗಲ್ಲ. ದೂಡುವುದು ಗುಡ್ಡವನ್ನು ಸುತ್ತುವ ಗಾಳಿ. ಅದೇ ಗುಡ್ಡ ಒಂದು ದಂಡೆಯನ್ನು ಉಳಿಸಿ ಇನ್ನೊಂದು ದಂಡೆಯ ಮೇಲೆ ತೂಫಾನನ್ನು ಬಿಡುತ್ತದೆ. ನಮ್ಮ ಪಾಲಿಗೆ ಕ್ಯಾರ್ ಕಾಲದ ರಿಜ್ ದೇವರು. ಗೋನು ಕಾಲದ ರಿಜ್ ಬಗ್ಗೆ ಮಸ್ಕತ್ತಿನವರನ್ನು ಕೇಳಬೇಕು.

ಇನ್ನು ನಾಚಿಕೆಯ ಕತೆ. ನನ್ನ ತಂಗಿಯ ಮಗಳು ಮಾಪ್ಸಾದಲ್ಲಿದ್ದಾಳೆ. ಗೋವಾದಲ್ಲಿ ದೀಪಾವಳಿಗೆ ನರಕಾಸುರನನ್ನು ಮಾಡಿ ಸುಡುತ್ತಾರೆ, ನಿಮಗೆ ಗೊತ್ತೇ ಇದೆ. ಅವಳ ಓಣಿಯ ಹುಡುಗರು ಬಿದಿರು ಕಟ್ಟಿ, ಕಾಗದ ಹಚ್ಚಿ ಹದಿನಾರು ಅಡಿಯದನ್ನು ನಿಲ್ಲಿಸಿದ್ದರು. ಅವಳು ಫೋನ್ ಮಾಡಿ, "ದೊಡ್ಡಮ್ಮಾ, ತೂಫಾನ್ ಬರ್ತದಾ?" ಅಂದಳು. ನಾನು ಮೂವತ್ತೊಂದು ವರ್ಷದ ಗತ್ತಿನಲ್ಲಿ, ಹಿಂದಿನ ಎರಡು ಜಾಗಗಳ ಬಿಂದು ಹಾಕಿ, ಸ್ಕೇಲ್ ಇಟ್ಟು ಗೆರೆ ಮುಂದಕ್ಕೆ ಎಳೆದೆ. ನೇರ ಕೊಂಕಣ ದಂಡೆಗೆ ಬಂತು. "ಬಿಚ್ಚಿಡಿಸು" ಎಂದೆ. ಬಿಚ್ಚಿಟ್ಟರು. ಮಳೆ ಬಂತು ನಿಜ, ತೂಫಾನ್ ಬರಲಿಲ್ಲ. ಇದು ಪಶ್ಚಿಮಕ್ಕೆ ಹೊರಳುತ್ತದೆ ಅಂತ ಇಲಾಖೆಯ ಬುಲೆಟಿನ್‌ನಲ್ಲಿ ಮೊದಲೇ ಬರೆದಿತ್ತು. ನಾನು ಓದಿರಲಿಲ್ಲ, ಅಷ್ಟೇ. ತೂಫಾನನ್ನು ನೋಡಿದೆ, ಗುಡ್ಡವನ್ನು ನೋಡಲಿಲ್ಲ. ಪುಣೆಯ ಅಜ್ಜಿಯಿಂದ ನರಕಾಸುರ ಬದುಕಿಕೊಂಡ ಅಂತ ಆ ಹುಡುಗರು ಈಗಲೂ ಆಡಿಕೊಳ್ಳುತ್ತಾರೆ.

ಪ್ರಶ್ನೆ: ಮೇಡಂ, ನನ್ನ ಮಗಳು ಅಮೆರಿಕದ ಟ್ಯಾಂಪಾದಲ್ಲಿದ್ದಾಳೆ. ಪ್ರತಿ ಸೆಪ್ಟೆಂಬರಿನಲ್ಲಿ ಹರಿಕೇನ್ ಹೆದರಿಕೆ. "ಬರ್ಮುಡಾ ಹೈ ಹೇಗಿದೆ ನೋಡಬೇಕು ಅಮ್ಮಾ" ಅನ್ನುತ್ತಾಳೆ. ಅದೇನು? ಹರಿಕೇನ್ ನಮ್ಮ ಚಂಡಮಾರುತಕ್ಕಿಂತ ಬೇರೆಯಾ?
(ಓದುಗರು, ಚೆಂಬೂರು, ಮುಂಬೈ)

ಬೇರೆ ಅಲ್ಲ. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್. ಸೈಕ್ಲೋನ್ ಎಂಬ ಹೆಸರಿಟ್ಟದ್ದು 1848ರಲ್ಲಿ ಕಲ್ಕತ್ತಾದಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಸುತ್ತಿಕೊಂಡ ಹಾವಿನ ನೆನಪಿನಲ್ಲಿ ಇಟ್ಟನಂತೆ.

ಬರ್ಮುಡಾ ಹೈ ಎಂದರೆ ಅಟ್ಲಾಂಟಿಕ್ ಸಾಗರದ ಮೇಲೆ ಬೇಸಿಗೆಯುದ್ದಕ್ಕೂ ಮಲಗಿರುವ ಗುಡ್ಡ. ಒಮ್ಮೆ ಯುರೋಪಿನ ಬದಿಗೆ ಅಜೋರ್ಸ್ ದ್ವೀಪಗಳತ್ತ ಸರಿಯುತ್ತದೆ, ಒಮ್ಮೆ ಅಮೆರಿಕದತ್ತ ಬರ್ಮುಡಾದವರೆಗೆ ಮೈಚಾಚುತ್ತದೆ. ಆಫ್ರಿಕದ ದಂಡೆಯ ಹತ್ತಿರ ಹುಟ್ಟಿದ ಹರಿಕೇನ್ ಈ ಗುಡ್ಡದ ದಕ್ಷಿಣ ಬದಿಯಲ್ಲಿ ಪಶ್ಚಿಮಕ್ಕೆ ತೇಲುತ್ತ ಬರುತ್ತದೆ. ಗುಡ್ಡದ ತುದಿ ನಡುಗಡಲಲ್ಲೇ ಮುಗಿದರೆ ಅಲ್ಲೇ ಉತ್ತರಕ್ಕೆ ಹೊರಳಿ, ಯಾರಿಗೂ ಕಾಣದೆ ಸಾಯುತ್ತದೆ. ಗುಡ್ಡ ಅಮೆರಿಕದ ನೆಲದವರೆಗೂ ಚಾಚಿದ್ದರೆ ಹೊರಳಲು ಜಾಗವೇ ಇಲ್ಲ. ದಂಡೆಗೆ ಹೋಗಿ ಬಡಿಯಲೇಬೇಕು. ನಿಮ್ಮ ಮಗಳು ನೋಡುವುದು ಈ ತುದಿ ಎಲ್ಲಿದೆ ಅಂತ. ಜಾಣೆ.

ಗುಡ್ಡದಲ್ಲಿ ಕಂಡಿ ಬಿದ್ದರೂ ಹಾಗೆಯೇ. ಪುಣೆಯಿಂದ ಮುಂಬೈಗೆ ಹೋಗುವ ರೈಲು ಎಲ್ಲೆಂದರಲ್ಲಿ ಸಹ್ಯಾದ್ರಿ ಇಳಿಯುವುದಿಲ್ಲ, ಬೋರ್ ಘಾಟ್ ಹುಡುಕಿ ಇಳಿಯುತ್ತದೆ. ಉತ್ತರದಿಂದ ಬಂದ ಕಣಿವೆ, ಅಂದರೆ ಟ್ರಫ್, ರಿಜ್ ಅನ್ನು ಕೊರೆದರೆ ಹರಿಕೇನ್ ಅದೇ ಕಂಡಿಯಲ್ಲಿ ಉತ್ತರಕ್ಕೆ ನುಗ್ಗುತ್ತದೆ.

ಹೆದರಿಕೆಯಾಗುವುದು ದೂಡುವ ಗಾಳಿ ಇಲ್ಲದಾಗ. 2019ರ ಸೆಪ್ಟೆಂಬರ್ 1ರಂದು ಡೋರಿಯನ್ ಬಹಾಮಾಸ್‌ನ ಅಬಾಕೊ ದ್ವೀಪಕ್ಕೆ ಬಡಿಯಿತು. ಗಾಳಿ ಗಂಟೆಗೆ 295 ಕಿ.ಮೀ. ಮುಂದೆ ಫ್ಲೋರಿಡಾ ಎಂದು ಎಲ್ಲರೂ ಎದೆ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಅದನ್ನು ದೂಡುತ್ತಿದ್ದ ರಿಜ್ ಕುಸಿಯಿತು. ತೂಫಾನ್ ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ಒಂದು ದಿನಕ್ಕೂ ಜಾಸ್ತಿ ಹೊತ್ತು ನಿಂತೇಬಿಟ್ಟಿತು. ಆಮೇಲೆ ಕಂಡಿ ಸಿಕ್ಕಿ ಉತ್ತರಕ್ಕೆ ಹೋಯಿತು. ಫ್ಲೋರಿಡಾ ಉಳಿಯಿತು. ಬಹಾಮಾಸ್ ಎಷ್ಟೋ ಊರು ಕಳೆದುಕೊಂಡಿತು.

ಹಾರ್ವೆಯದೂ ಅದೇ ಹಾಡು. 2017ರ ಆಗಸ್ಟ್ 25ರಂದು ಟೆಕ್ಸಸ್ ಮುಟ್ಟಿತು. ಪಶ್ಚಿಮಕ್ಕೊಂದು ಗುಡ್ಡ, ಪೂರ್ವಕ್ಕೊಂದು ಗುಡ್ಡ. ಅದು ಆ ಕಡೆ ಎಳೆದರೆ ಇದು ಈ ಕಡೆ. ಎಲ್ಲೂ ಹೋಗಲಾಗದೆ ಸುತ್ತಿದಲ್ಲೇ ಸುತ್ತಿತು. ಒಂದು ಕಡೆ ಒಟ್ಟು 1,539 ಮಿ.ಮೀ. ಮಳೆ. ನೀವು ಚೆಂಬೂರಿನವರು, 2005ರ ಜುಲೈ 26ನ್ನು ಮರೆತಿರಲಿಕ್ಕಿಲ್ಲ. ಅವತ್ತು ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು 944. ಅದು ತೂಫಾನ್ ಅಲ್ಲ, ಒಂದೇ ದಿನದ ಮಳೆ. ಆದರೆ ನೀರಿನ ಅಂದಾಜಿಗೆ ಹೇಳಿದೆ.

ಒಂದು ಉಲ್ಟಾ ಉದಾಹರಣೆಯೂ ಇದೆ. ಅಕ್ಟೋಬರ್ ಕೊನೆಯ ಹರಿಕೇನ್ ಅಮೆರಿಕದ ಪೂರ್ವ ದಂಡೆಯ ಪಕ್ಕ ಬಂದರೆ ಸಾಮಾನ್ಯವಾಗಿ ಬಲಕ್ಕೆ ಹೊರಳಿ ಕಡಲಿಗೆ ಹೋಗುತ್ತದೆ. 2012ರಲ್ಲಿ ಸ್ಯಾಂಡಿಗೆ ಆ ದಾರಿ ಮುಚ್ಚಿತ್ತು. ಗ್ರೀನ್‌ಲ್ಯಾಂಡ್ ಕಡೆ ಒಂದು ದೊಡ್ಡ ಗುಡ್ಡ ಅಡ್ಡ ಕೂತಿತ್ತು. ತೂಫಾನ್ ಎಡಕ್ಕೆ ಹೊರಳಿ 29ರ ರಾತ್ರಿ ನ್ಯೂಜೆರ್ಸಿಗೆ ನುಗ್ಗಿತು. ನ್ಯೂಯಾರ್ಕಿನ ಸಬ್‌ವೇ ಸುರಂಗಗಳಿಗೆ ನೀರು ತುಂಬಿತು. ಗುಡ್ಡ ಇದ್ದದ್ದು ಎಲ್ಲಿ, ನೀರು ತುಂಬಿದ್ದು ಎಲ್ಲಿ!

ಮಗಳಿಗೆ ಒಂದು ಮಾತು ಹೇಳಿ. ಟ್ಯಾಂಪಾ ಇರುವುದು ಫ್ಲೋರಿಡಾದ ಪಶ್ಚಿಮ ಬದಿಯಲ್ಲಿ. ಅಲ್ಲಿಗೆ ಗುಡ್ಡದ ಜೊತೆಗೆ ಕಣಿವೆಯನ್ನೂ ನೋಡಬೇಕು. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಮೆಕ್ಸಿಕೊ ಕೊಲ್ಲಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿ ಬಂದದ್ದು ಟ್ರಫ್ ಮುಂದಿನ ಗಾಳಿಯಲ್ಲಿ. ನೆಲ ಮುಟ್ಟಿದ್ದು ಟ್ಯಾಂಪಾ ಕೊಲ್ಲಿಯ ಸ್ವಲ್ಪ ದಕ್ಷಿಣಕ್ಕೆ. ಹಾಗಾಗಿ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ಎಳೆಯಿತು. ಸ್ವಲ್ಪ ಉತ್ತರಕ್ಕೆ ಮುಟ್ಟಿದ್ದರೆ ನೀರು ಊರೊಳಗೆ ಬರುತ್ತಿತ್ತು.

ಪ್ರಶ್ನೆ: 2023ರ ಬಿಪರ್‌ಜಾಯ್ ಒಂದು ದಿನ ಓಮಾನ್ ಅಂದರು, ಒಂದು ದಿನ ಕರಾಚಿ ಅಂದರು, ಕೊನೆಗೆ ಗುಜರಾತ್. ಇಷ್ಟೆಲ್ಲ ಕಂಪ್ಯೂಟರ್ ಇಟ್ಟುಕೊಂಡು ಇದೇನು ಲೆಕ್ಕ?
(ಓದುಗರು, ಚಿಂಚವಡ)

ಸಿಟ್ಟು ಅರ್ಥವಾಗುತ್ತದೆ. ಆದರೆ ಬಿಪರ್‌ಜಾಯ್ ಹಠಮಾರಿ ಕೂಸು. ಅದರ ಪೂರ್ವಕ್ಕೊಂದು ಗುಡ್ಡ, ಪಶ್ಚಿಮಕ್ಕೆ ಅರೇಬಿಯದ ಮೇಲೆ ಇನ್ನೊಂದು. ಪೂರ್ವದ್ದು ಗೆದ್ದರೆ ಉತ್ತರಕ್ಕೆ, ಪಶ್ಚಿಮದ್ದು ಗೆದ್ದರೆ ಬೇರೆ ಕಡೆಗೆ. ನಡುವೆ ನಿಂತ ತೂಫಾನಿಗೆ ಒಂದು ಗುಡ್ಡ ಐವತ್ತು ಕಿಲೋಮೀಟರ್ ಸರಿದರೂ ಸಾಕು, ನಾಲ್ಕು ದಿನದ ನಂತರ ದೇಶವೇ ಬದಲಾಗುತ್ತದೆ. ಜೂನ್ 6ಕ್ಕೆ ಹುಟ್ಟಿದ್ದು 15ರ ರಾತ್ರಿಯವರೆಗೆ ಅಲೆದು, ಕಛ್‌ನ ಜಖಾವು ಬಂದರಿನ ಹತ್ತಿರ ನೆಲ ಮುಟ್ಟಿತು.

ಇನ್ನೊಂದು ತೊಡಕಿದೆ. ಬಲಿತ ತೂಫಾನ್ ಎತ್ತರವಾಗಿರುತ್ತದೆ, ಹನ್ನೆರಡು, ಹದಿನೈದು ಕಿ.ಮೀ. ಅದನ್ನು ಒಯ್ಯುವುದು ಆ ಎಲ್ಲ ಪದರಗಳ ಗಾಳಿ ಸೇರಿ. ಎಳಸು ತೂಫಾನ್ ಕುಳ್ಳಗಿರುತ್ತದೆ, ಕೆಳಗಿನ ಗಾಳಿಯ ಮಾತು ಕೇಳುತ್ತದೆ. ಅಂದರೆ ಅದು ಎಷ್ಟು ಬಲಿಯುತ್ತದೆ ಅಂತ ತಪ್ಪಿ ಎಣಿಸಿದರೆ ದಾರಿಯೂ ತಪ್ಪುತ್ತದೆ.

ಗುಡ್ಡ ಅಳೆಯುವುದೂ ಸುಲಭವಲ್ಲ. ಅರಬ್ಬಿ ಸಮುದ್ರದ ನಡುವೆ ಬಲೂನ್ ಹಾರಿಸಲು ಯಾರಿದ್ದಾರೆ? ನಮ್ಮ ಕಾಲದಲ್ಲಿ ಆ ಜಾಗ ನಕ್ಷೆಯಲ್ಲಿ ಬೋಳು. ಹಡಗಿನವರು ಕಳಿಸಿದ ಒಂದೆರಡು ಅಂಕಿ, ಅದೂ ನೀರಿನ ಮಟ್ಟದ್ದು. ಮಿಕ್ಕಿದ್ದಕ್ಕೆ ರಬ್ಬರ್ ಮತ್ತು ಪೆನ್ಸಿಲ್. ಈಗ ಉಪಗ್ರಹ ಬಂದು ಎಷ್ಟೋ ಸುಧಾರಿಸಿದೆ. ಅಮೆರಿಕದವರ ಬಳಿ ಒಂದು ಜೆಟ್ ವಿಮಾನವಿದೆ. ತೂಫಾನಿನ ಹೊಟ್ಟೆಗೆ ನುಗ್ಗುವ ವಿಮಾನಗಳು ಬೇರೆ. ಇದು ಎತ್ತರದಲ್ಲಿ ತೂಫಾನಿನ ಸುತ್ತಮುತ್ತ ಹಾರಾಡುತ್ತ ಅಳತೆಯ ಕೊಳವೆಗಳನ್ನು ಪ್ಯಾರಾಚೂಟ್ ಕಟ್ಟಿ ಬೀಳಿಸುತ್ತದೆ. ನಮ್ಮ ಬಲೂನ್ ಕೆಳಗಿನಿಂದ ಮೇಲೆ ಹೋಗಿ ಹೇಳುವುದನ್ನು ಅದು ಮೇಲಿನಿಂದ ಕೆಳಗೆ ಬಂದು ಹೇಳುತ್ತದೆ. ಸುಮ್ನೆ ಯೋಚಿಸಿ: ತೂಫಾನನ್ನು ಬಿಟ್ಟು ಗುಡ್ಡ ಅಳೆಯಲಿಕ್ಕೆಂದೇ ಒಂದು ವಿಮಾನ!

ಪ್ರಶ್ನೆ: 1882ರಲ್ಲಿ ಮುಂಬೈಗೆ ಚಂಡಮಾರುತ ಬಡಿದು ಲಕ್ಷ ಜನ ಸತ್ತರು ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
(ಓದುಗರು, ಡೊಂಬಿವಿಲಿ)

ಸುಳ್ಳು. ಆ ಕಾಲದ ಪತ್ರಿಕೆಗಳಲ್ಲೂ ಇಲ್ಲ, ದಾಖಲೆಗಳಲ್ಲೂ ಇಲ್ಲ. ಲಕ್ಷ ಜನ ಸತ್ತರೆ ಪತ್ರಿಕೆಯವರು ಸುಮ್ಮನಿರುತ್ತಾರೆಯೇ? ಹಾಗಂತ ಮುಂಬೈ ಕಡೆ ಬಂದೇ ಇಲ್ಲ ಎಂದಲ್ಲ. 1948ರ ನವೆಂಬರಿನದು ಬಂದಿತ್ತು. 2009ರ ನವೆಂಬರ್ 11ರಂದು ಫಯಾನ್ ಅಲಿಬಾಗ್ ಮತ್ತು ಮುಂಬೈ ನಡುವೆ ನೆಲ ಮುಟ್ಟಿತು. 2020ರ ಜೂನ್ 3ರಂದು ನಿಸರ್ಗ ರಾಯಗಡದ ದಂಡೆಗೆ ಬಂತು. ಮೂರಕ್ಕೂ ಈಶಾನ್ಯಕ್ಕೆ ಹೊರಳುವ ದಾರಿ ಸಿಕ್ಕಿತ್ತು. ಅದು ಅಪರೂಪ, ಅಷ್ಟೇ.

ಪ್ರಶ್ನೆ: ಸಹ್ಯಾದ್ರಿ ಅಡ್ಡ ಇರುವುದರಿಂದ ತೂಫಾನ್ ನಮ್ಮ ದಂಡೆಗೆ ಬರುವುದಿಲ್ಲ ಎಂದು ನಮ್ಮ ಹೋಟೆಲಿನ ಗಿರಾಕಿಯೊಬ್ಬರು ವಾದಿಸುತ್ತಾರೆ.
(ಓದುಗರು, ಮಾಟುಂಗ)

ಅವರಿಗೆ ಒಂದು ಕಾಫಿ ಜಾಸ್ತಿ ಕೊಟ್ಟು ಹೇಳಿ: ಘಟ್ಟದ ಎತ್ತರ ಸುಮಾರು ಒಂದು ಕಿಲೋಮೀಟರ್, ತೂಫಾನ್ ಅದರ ಹತ್ತು ಪಟ್ಟು. ದೂರದ ಕಡಲಿನಲ್ಲಿ ಅದನ್ನು ಹೊರಳಿಸುವುದು ಕಲ್ಲಿನ ಗುಡ್ಡವಲ್ಲ. ನೆಲ ಮುಟ್ಟಿದ ಮೇಲೆ ಘಟ್ಟ ಅದರ ಕಾಲು ಎಳೆಯುತ್ತದೆ, ಅದು ನಿಜ. ಆದರೂ ನಿಸರ್ಗ ಘಟ್ಟ ಹತ್ತಿ ಬಂದ ದಿನ ಪುಣೆಯಲ್ಲಿ ಮರಗಳು ಉರುಳಿದವು. ನಮ್ಮ ಸೊಸೈಟಿಯ ಗುಲ್ಮೊಹರ್ ಕಾರೊಂದರ ಮೇಲೆ ಬಿತ್ತು. ಕಾರು ನಮ್ಮದಲ್ಲ.

ಪ್ರಶ್ನೆ: ಅಕ್ಕಾರ, ಇನ್ನೊಂದು ಕೇಳುವುದು ಮರೆತೆ. ಮೊಬೈಲಿನಲ್ಲಿ ನಾವೇ ಈ ಗುಡ್ಡ ನೋಡಬಹುದೇ? ಬೋಟಿನವರು ನನ್ನನ್ನೇ ಕೇಳುತ್ತಾರೆ.
(ಮತ್ತೆ ವಾಸ್ಕೋದ ಓದುಗರು)

ನೋಡಬಹುದು. ಗಾಳಿ ಹರಿಯುವುದನ್ನು ತೋರಿಸುವ ನಕ್ಷೆ ತೆರೆಯಿರಿ. ಎತ್ತರ ಆರಿಸುವಲ್ಲಿ 500 ಒತ್ತಿ. ನಮ್ಮ ಕಡೆ ಎತ್ತರದ ಗೆರೆಗಳು ದೂರ ದೂರ ಇರುವುದರಿಂದ ಗುಡ್ಡ ಸರಿಯಾಗಿ ಕಾಣುವುದಿಲ್ಲ, ಗಾಳಿಯ ಗೆರೆ ನೋಡುವುದೇ ಸುಲಭ. ಗಡಿಯಾರದ ಹಾಗೆ ಸುತ್ತುವ ದೊಡ್ಡ ಸುತ್ತು ಕಂಡರೆ ಅದೇ ಗುಡ್ಡ. ತೂಫಾನ್ ಅದರ ಯಾವ ಬದಿಗಿದೆ ನೋಡಿ. ಆಮೇಲೆ ಎರಡು ದಿನ ಮುಂದಕ್ಕೆ ಹಾಕಿ, ಗುಡ್ಡ ಸರಿಯಿತೇ ನೋಡಿ.

ಆದರೆ ಇದನ್ನು ನೋಡಿ ಬೋಟ್ ಬಿಡಿ ಎಂದು ಯಾರಿಗೂ ಹೇಳಬೇಡಿ. ನರಕಾಸುರನ ಕತೆ ಅದಕ್ಕೇ ಹೇಳಿದ್ದು. ಬೋಟಿಗೆ ಇಲಾಖೆಯ ಬುಲೆಟಿನ್ ಮತ್ತು ಬಂದರಿನ ಸಿಗ್ನಲ್. ಮುರ್ಮಗೋವಾ ಬಂದರಿನಲ್ಲಿ ಏರಿಸುವ ನಂಬರುಗಳಲ್ಲೂ ಈ ದಾರಿಯ ಲೆಕ್ಕವೇ ಇದೆ. 8 ಎಂದರೆ ದೊಡ್ಡ ತೂಫಾನ್ ದಂಡೆ ದಾಟುವಾಗ ಬಂದರು ಅದರ ಎಡಕ್ಕೆ ಬೀಳುತ್ತದೆ. 9 ಎಂದರೆ ಬಲಕ್ಕೆ. 10 ಎಂದರೆ ಬಂದರಿನ ಮೇಲೆಯೇ ಅಥವಾ ತೀರ ಪಕ್ಕದಲ್ಲಿ. ಎಡ ಬಲ ಅಂತ ಬೇರೆ ಬೇರೆ ನಂಬರ್ ಯಾಕೆ ಗೊತ್ತೇ? ನಮ್ಮ ಉತ್ತರಾರ್ಧದಲ್ಲಿ ತೂಫಾನಿನ ಬಲಗಡೆ ಅದರ ಸುತ್ತುವ ಗಾಳಿಗೆ ಸಾಗುವ ವೇಗವೂ ಸೇರಿಕೊಳ್ಳುತ್ತದೆ. ತೌಕ್ತೆ ಮುಂಬೈಯಲ್ಲಿ ನೆಲ ಮುಟ್ಟಲಿಲ್ಲ, ಪಕ್ಕದಲ್ಲಿ ಹಾದು ಹೋಯಿತು ಅಷ್ಟೇ. ಆದರೆ ಮುಂಬೈ ಬಿದ್ದದ್ದು ಅದರ ಬಲಕ್ಕೆ. ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿ.ಮೀ. ಮುಟ್ಟಿತು. ನಿಮ್ಮ ಬೋಟಿನವರಿಗೆ ನಂಬರ್ 9 ಅನ್ನು ಮೊದಲು ಬಾಯಿಪಾಠ ಮಾಡಿಸಿ.